ಅಕ್ಷರ ಬೇರೆ, ಅಲಂಕಾರ ಬೇರೆ: ಅಂತರ್ಜಾಲದ ಬರವಣಿಗೆಯಲ್ಲಿ ಕನ್ನಡ ಪಠ್ಯದ ಸಂಪಾದನೆ



ಈ ದತ್ತಿ ಉಪನ್ಯಾಸ ಮುದ್ರಣಾಲಯದಲ್ಲಿ ಕರಡು ತಿದ್ದುತ್ತ ಬಾಳು ಸವೆಸಿದ ಹಿರಿಯರೊಬ್ಬರ ನೆನಪಿನದು. ಅಂಥವರ ಹೆಸರು ಪುಸ್ತಕದ ಯಾವ ಪುಟದಲ್ಲೂ ಅಚ್ಚಾಗುವುದಿಲ್ಲ. ಆದರೆ ಅವರ ಕಣ್ಣು ಹಾಯದೆ ಯಾವ ಪುಟವೂ ಓದುಗರ ಕೈ ಸೇರುತ್ತಿರಲಿಲ್ಲ. ಇಂದು ಕನ್ನಡದಲ್ಲಿ ಬರೆಯುವವರು ಬಹುಮಟ್ಟಿಗೆ ತಾವೇ ಬರೆದು, ತಾವೇ ಜೋಡಿಸಿ, ತಾವೇ ತಿದ್ದಿ, ಒಂದು ಗುಂಡಿ ಒತ್ತಿ ಪ್ರಕಟಿಸುತ್ತಾರೆ. ಮೊಳೆ ಜೋಡಿಸುವವರು, ಕರಡು ತಿದ್ದುವವರು, ಪುಟ ಕಟ್ಟುವವರು ಹಂಚಿಕೊಂಡು ಮಾಡುತ್ತಿದ್ದ ಕೆಲಸವೆಲ್ಲ ಈಗ ಪರದೆಯ ಮೇಲೆ ಒಂದು ಸಾಲು ಗುಂಡಿಗಳಾಗಿ ಕೂತಿದೆ. ಆ ಗುಂಡಿಗಳನ್ನು ಕನ್ನಡದ ಕೆಲಸಕ್ಕೆ ಹೇಗೆ ಬಳಸಬೇಕು ಎಂಬುದು ಇಂದಿನ ನನ್ನ ವಿಷಯ. ಉದಾಹರಣೆಗಳನ್ನು ಹೆಚ್ಚಾಗಿ ಕನ್ನಡ ವಿಕಿಪೀಡಿಯ ಮತ್ತು ಪುಸ್ತಕಗಳ ಪಠ್ಯವನ್ನು ಇಡುವ ವಿಕಿಸೋರ್ಸ್‌ಗಳಿಂದ ತೆಗೆದುಕೊಳ್ಳುತ್ತೇನೆ. ಅಲ್ಲಿ ಬರಹದ ಒಳಗೂ ಹೊರಗೂ ಎಲ್ಲರಿಗೂ ತೆರೆದಿರುವುದರಿಂದ, ನಾನು ಹೇಳುವುದನ್ನು ನೀವು ಮನೆಗೆ ಹೋಗಿ ಪರೀಕ್ಷಿಸಿಕೊಳ್ಳಬಹುದು.

ನಾನು ಹೇಳಹೊರಟಿರುವುದು ಇಷ್ಟು. ಬರಹದ ಒಂದು ತುಣುಕು ಯಾವ ಕೆಲಸಕ್ಕೆ ನಿಂತಿದೆ ಎಂಬುದನ್ನು ಮೊದಲು ತಂತ್ರಾಂಶಕ್ಕೆ ತಿಳಿಸಬೇಕು. ಇದು ಶೀರ್ಷಿಕೆ, ಇದು ಉದ್ಧರಣೆ, ಇದು ಪದ್ಯ, ಇದು ಪಟ್ಟಿ, ಹೀಗೆ. ಅದು ಹೇಗೆ ಕಾಣಬೇಕೆಂಬುದು ಆಮೇಲಿನ ಮಾತು. ಕಾಗದದ ಮೇಲೆ ಇವೆರಡೂ ಒಂದೇ ಆಗಿದ್ದವು. ದಪ್ಪ ಮೊಳೆಯಲ್ಲಿ ಜೋಡಿಸಿದರೆ ಅದು ಶೀರ್ಷಿಕೆಯಾಯಿತು, ಉಳಿದದ್ದನ್ನು ಓದುಗರ ಕಣ್ಣು ಊಹಿಸಿಕೊಳ್ಳುತ್ತಿತ್ತು. ಪರದೆಯ ಮೇಲಿನ ಬರಹವನ್ನಾದರೋ ಮನುಷ್ಯರ ಕಣ್ಣಿಗಿಂತ ಮುಂಚೆ ಹುಡುಕುಯಂತ್ರ ಓದಿರುತ್ತದೆ. ಅಂಧರಿಗೆ ಅದನ್ನು ದನಿಯಾಗಿಸುವ ತಂತ್ರಾಂಶ ಓದುತ್ತದೆ. ಅಂಗೈ ಅಗಲದ ಮೊಬೈಲೂ ಗೋಡೆ ಅಗಲದ ಪರದೆಯೂ ಅದನ್ನೇ ತಮಗೆ ಬೇಕಾದಂತೆ ಮಡಿಚಿ ತೋರಿಸುತ್ತವೆ. ಇವಕ್ಕೆಲ್ಲ ದಪ್ಪ ಅಕ್ಷರವೆಂದರೆ ಬರೀ ದಪ್ಪ ಅಕ್ಷರ.

ಈ ತಂತ್ರಾಂಶಗಳ ಹುಟ್ಟಿನ ಕಥೆಯಲ್ಲಿ ಕರಡು ತಿದ್ದುವವರಿಗೆ ದೊಡ್ಡ ಪಾಲಿದೆ. 1970ರ ದಶಕದ ನಡುವೆ ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ 'ಜಿಪ್ಸಿ' ಎಂಬ ಬರವಣಿಗೆಯ ತಂತ್ರಾಂಶ ಕಟ್ಟಿದರು. ಅದು ತಯಾರಾದದ್ದು ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನದ ಸಂಪಾದಕರಿಗಾಗಿ. ಅದಕ್ಕೂ ಮೊದಲು ಅಲ್ಲಿದ್ದ 'ಬ್ರಾವೊ' ತಂತ್ರಾಂಶದಲ್ಲಿ ಒಂದೇ ಕೀಲಿ ಒಮ್ಮೆ ಅಕ್ಷರವಾಗಿಯೂ ಒಮ್ಮೆ ಆಜ್ಞೆಯಾಗಿಯೂ ಕೆಲಸ ಮಾಡುತ್ತಿತ್ತು. ಆಜ್ಞೆ ಕೇಳುತ್ತಿರುವ ಹೊತ್ತಿನಲ್ಲಿ ಇಂಗ್ಲಿಷಿನ 'ಎಡಿಟ್' ಪದದ ನಾಲ್ಕು ಅಕ್ಷರ ಒತ್ತಿದರೆ ಬರೆದದ್ದೆಲ್ಲ ಅಳಿಸಿಹೋಗಿ ಕಡೆಯ ಒಂದಕ್ಷರ ಮಾತ್ರ ಉಳಿಯುತ್ತಿತ್ತಂತೆ. ಮಾಟ್ ಮತ್ತು ಟೆಸ್ಲರ್ ಸಂಪಾದಕರ ಪಕ್ಕದಲ್ಲಿ ಕುಳಿತು ಅವರು ಹಸ್ತಪ್ರತಿಯನ್ನು ಕತ್ತರಿಸಿ ಅಂಟಿಸುವ ಬಗೆಯನ್ನು ನೋಡಿದರು. ಇಂದು ನಾವು ದಿನಕ್ಕೆ ನೂರು ಸಲ ಮಾಡುವ ಕಟ್, ಕಾಪಿ, ಪೇಸ್ಟ್‌ಗಳು ರೂಪುಗೊಂಡದ್ದು ಹೀಗೆ, ಸಂಪಾದಕರ ಕತ್ತರಿ ಅಂಟುಗಳಿಂದ. ಸಂಪಾದನೆಯ ಅನುಭವ ಇರುವವರನ್ನು ಕೇಳಿ ತಂತ್ರಾಂಶ ಕಟ್ಟಿದಾಗ ಅದು ಐವತ್ತು ವರ್ಷ ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಮುಂದೆ ಜಾಲ ಬಂತು. 1990ರಲ್ಲಿ ಅದರ ಜನಕ ಟಿಮ್ ಬರ್ನರ್ಸ್‌-ಲೀ ಬರೆದ ಮೊದಲ ಬ್ರೌಸರ್ ಓದುವ ಸಾಧನವೂ ಆಗಿತ್ತು, ಬರೆಯುವ ಸಾಧನವೂ ಆಗಿತ್ತು. ಜನರ ನಡುವೆ ಹರಡಿದ ಬ್ರೌಸರ್‌ಗಳಲ್ಲಿ ಓದುವ ಭಾಗವಷ್ಟೇ ಉಳಿಯಿತು. ಓದುವ ಪುಟದಲ್ಲೇ ಬರೆಯುವ ಹಕ್ಕನ್ನು ಸಾಮಾನ್ಯರಿಗೆ ಮರಳಿಸಿದವರು 1995ರಲ್ಲಿ ಮೊದಲ ವಿಕಿಯನ್ನು ತೆರೆದ ವಾರ್ಡ್ ಕನಿಂಗ್‌ಹ್ಯಾಮ್. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು.

ಆ ಹೊತ್ತಿಗೆ ನಮ್ಮ ಕನ್ನಡ ಪಠ್ಯ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಮೊಳೆ ಜೋಡಣೆ ಹೋಗಿ, ಕಂಪ್ಯೂಟರಿನಲ್ಲೇ ಪುಟ ಕಟ್ಟುವ ಡಿಟಿಪಿ ಬಂದಾಗ ಕನ್ನಡ ಅಕ್ಷರಗಳಿಗೆ ಕಂಪ್ಯೂಟರಿನೊಳಗೆ ಸ್ವಂತ ಸ್ಥಾನ ಇರಲಿಲ್ಲ. ಇಂಗ್ಲಿಷಿನ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಚಿತ್ರಗಳನ್ನು ಕೂರಿಸಿ ಫಾಂಟ್ ಮಾಡುತ್ತಿದ್ದರು. 'ಕನ್ನಡ' ಎಂದು ಕೀಲಿಸಿದರೆ ಕಡತದೊಳಗೆ ಉಳಿಯುತ್ತಿದ್ದದ್ದು ರೋಮನ್ ಅಕ್ಷರಗಳ ಒಂದು ಅರ್ಥವಿಲ್ಲದ ಸಾಲು. ಫಾಂಟ್ ಇದ್ದರೆ ಅದು ಕನ್ನಡವಾಗಿ ಕಾಣುತ್ತಿತ್ತು. ಫಾಂಟ್ ಬದಲಾಯಿಸಿದರೆ ಅಥವಾ ಫಾಂಟ್ ಇಲ್ಲದ ಯಂತ್ರಕ್ಕೆ ಕಳಿಸಿದರೆ ಕನ್ನಡವೇ ಮಾಯವಾಗುತ್ತಿತ್ತು. ಅಂದರೆ ಅಲ್ಲಿ ಅಲಂಕಾರವೇ ಭಾಷೆಯಾಗಿತ್ತು. ನಮ್ಮ ಎಷ್ಟೋ ಪತ್ರಿಕೆಗಳ, ಪ್ರಕಾಶನಗಳ, ಕಚೇರಿಗಳ ಬರಹ ಈ ವೇಷದಲ್ಲೇ ಕಡತಗಳಲ್ಲಿ ಕೂತಿದೆ.

ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಖ್ಯೆ ಕೊಡುವ ಯೂನಿಕೋಡ್ ಇದನ್ನು ಬದಲಿಸಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ವಿಭಾಗ ಸಿಕ್ಕಿತು. ಅದು ಮನೆಮನೆಯ ಕಂಪ್ಯೂಟರಿಗೆ ಬರಲು ಮಾತ್ರ ಹತ್ತು ವರ್ಷ ಹಿಡಿಯಿತು, ವಿಂಡೋಸ್ ಎಕ್ಸ್‌ಪಿ ಜೊತೆ 'ತುಂಗಾ' ಫಾಂಟ್ ಬರುವ ತನಕ. ಆ ತನಕದ ವರ್ಷಗಳಲ್ಲಿ ಕನ್ನಡವನ್ನು ಕೀಲಿಮಣೆಗೆ ಒಗ್ಗಿಸಿದವರ ಋಣ ದೊಡ್ಡದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಹೊರತಂದ 'ಬರಹ' ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ 'ನುಡಿ' ಇವು ಇಲ್ಲದಿದ್ದರೆ ಯೂನಿಕೋಡ್ ಬಂದಾಗ ಅದನ್ನು ಬಳಸುವ ಬೆರಳುಗಳೇ ನಮ್ಮಲ್ಲಿ ಇರುತ್ತಿರಲಿಲ್ಲ. ರಾವ್ ಅವರ ವಿನ್ಯಾಸ ಇಂದಿಗೂ ವಿಕಿಪೀಡಿಯದ ಸಂಪಾದನಾ ಪೆಟ್ಟಿಗೆಯಲ್ಲಿ ಆಯ್ಕೆಗೆ ಸಿಗುತ್ತದೆ.

ಹಳೆಯ ಕಡತವನ್ನು ಯೂನಿಕೋಡಿಗೆ ತರುವುದು ಬರೀ ಅಕ್ಷರಕ್ಕೆ ಅಕ್ಷರ ಬದಲಿಸುವ ಕೆಲಸವಲ್ಲ. 'ಸೂರ್ಯ' ಎಂಬ ಪದ ನೋಡಿ. ಅರ್ಕಾವತ್ತು ಕಣ್ಣಿಗೆ ಕಾಣುವುದು ಕೊನೆಯಲ್ಲಿ, ಉಚ್ಚಾರದಲ್ಲಿ ರಕಾರ ಬರುವುದು ಯಕಾರಕ್ಕಿಂತ ಮೊದಲು. ಹಳೆಯ ಫಾಂಟ್‌ಗಳ ಕಡತದಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತದೆ, ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮದಲ್ಲಿ. 'ಅಕ್ಕೆ' ಎಂಬಲ್ಲಿಯೂ ಹಾಗೆಯೇ. ಹಳೆಯ ಕಡತದಲ್ಲಿ 'ಕೆ' ಮೊದಲು, ಒತ್ತು ಆಮೇಲೆ. ಯೂನಿಕೋಡಿನಲ್ಲಿ ಒತ್ತು ಮೊದಲು, ಎತ್ವ ಆಮೇಲೆ. ಪರಿವರ್ತಕ ತಂತ್ರಾಂಶಗಳು ಇದನ್ನೆಲ್ಲ ತಿರುಗಿಸಿ ಜೋಡಿಸುತ್ತವೆ, ಜೊತೆಗೆ ಅಲ್ಲಲ್ಲಿ ಎಡವುತ್ತವೆ. ಆದ್ದರಿಂದ ಪರಿವರ್ತನೆಯಾದ ಪಠ್ಯವನ್ನು ಕಣ್ಣಿಟ್ಟು ಓದದೆ ಪ್ರಕಟಿಸುವುದು ಕರಡು ತಿದ್ದದೆ ಪುಸ್ತಕ ಅಚ್ಚು ಹಾಕಿದಷ್ಟೇ ದೊಡ್ಡ ಅಪಚಾರ ಎಂದು ನಾನು ತಿಳಿಯುತ್ತೇನೆ.

ಯೂನಿಕೋಡ್ ಅಕ್ಷರವನ್ನು ಅಲಂಕಾರದಿಂದ ಬಿಡಿಸಿಕೊಟ್ಟಿತು. ನಮ್ಮ ಕೈಗಳ ಅಭ್ಯಾಸ ಮತ್ತೆ ಅವೆರಡನ್ನೂ ಗಂಟು ಹಾಕುತ್ತಿದೆ. ನನ್ನ ಕಳವಳ ಇರುವುದು ಇಲ್ಲಿ.

ಪುಸ್ತಕದಲ್ಲಿ ಪ್ಯಾರಾದ ಮೊದಲ ಸಾಲು ತುಸು ಒಳಸರಿದಿರುತ್ತದೆ. ಆ ಅಭ್ಯಾಸದಿಂದ ವಿಕಿಪೀಡಿಯದ ಮೂಲ ಪಠ್ಯದ ಪೆಟ್ಟಿಗೆಯಲ್ಲಿ ಸ್ಪೇಸ್ ಒತ್ತಿ ಪ್ಯಾರಾ ಶುರುಮಾಡಿದರೆ, ಆ ಸಾಲು ಚೌಕಟ್ಟಿನೊಳಗೆ ಟೈಪ್‌ರೈಟರ್ ಅಕ್ಷರದಲ್ಲಿ ನಿಲ್ಲುತ್ತದೆ. ಸಾಲಿನ ಮೊದಲ ಸ್ಪೇಸ್‌ಗೆ ಅಲ್ಲಿ 'ಇದ್ದದ್ದನ್ನು ಇದ್ದಂತೆ ತೋರಿಸು' ಎಂಬ ಅರ್ಥವಿದೆ. ಟೈಪಿಂಗ್ ಕಲಿತವರಲ್ಲಿ ಕೆಲವರು ಜೋಡಿ ಉದ್ಧರಣ ಚಿಹ್ನೆಗೆ ಬದಲಾಗಿ ಒಂಟಿ ಚಿಹ್ನೆಯನ್ನು ಎರಡು ಸಲ ಒತ್ತುತ್ತಾರೆ. ವಿಕಿಯಲ್ಲಿ ಎರಡು ಒಂಟಿ ಚಿಹ್ನೆ ಎಂದರೆ ಓರೆ ಅಕ್ಷರ, ಮೂರು ಎಂದರೆ ದಪ್ಪ ಅಕ್ಷರ. ಉದ್ಧರಣ ಚಿಹ್ನೆ ಮಾಯವಾಗಿ ಇಡೀ ಮಾತು ಓರೆಯಾಗಿ ಮಲಗುತ್ತದೆ. ಪ್ರಶ್ನಾರ್ಥಕದ ಹಿಂದೆ ಜಾಗ ಬಿಡುವುದು ಡಿಟಿಪಿಯಲ್ಲಿ ಅನೇಕರ ರೂಢಿ. ಪರದೆಯ ಅಗಲ ಬದಲಾದಾಗ ಆ ಜಾಗದಲ್ಲಿ ಸಾಲು ಮುರಿದು, ಪ್ರಶ್ನಾರ್ಥಕವೊಂದೇ ಮುಂದಿನ ಸಾಲಿನ ತಲೆಯಲ್ಲಿ ಬಂದು ನಿಲ್ಲಬಹುದು.

ಇವು ಸಣ್ಣವು, ಕಲಿತರೆ ಒಂದು ಸಂಜೆಯಲ್ಲಿ ಹೋಗುತ್ತವೆ. ಶೀರ್ಷಿಕೆಯ ವಿಷಯ ಸಣ್ಣದಲ್ಲ. ವಿಕಿಯಲ್ಲಿ ಸಾಲಿನ ಎರಡೂ ಬದಿಗೆ ಎರಡೆರಡು ಸಮಚಿಹ್ನೆ ಹಾಕಿದರೆ ಅದು ಶೀರ್ಷಿಕೆ, ಮೂರು ಮೂರು ಹಾಕಿದರೆ ಉಪಶೀರ್ಷಿಕೆ. ವರ್ಡ್‌ಪ್ರೆಸ್, ಗೂಗಲ್ ಡಾಕ್ಸ್‌ಗಳಲ್ಲಿ ಇದಕ್ಕೆ ಆಯ್ಕೆಪಟ್ಟಿ ಇದೆ. ಬಹಳ ಜನ ಅದನ್ನು ಮುಟ್ಟದೆ ಸಾಲನ್ನು ದಪ್ಪ ಮಾಡಿ, ಗಾತ್ರ ಹಿಗ್ಗಿಸಿ, ಕೆಲವೊಮ್ಮೆ ಬಣ್ಣವನ್ನೂ ಬಳಿದು ಬಿಡುತ್ತಾರೆ. ಕಣ್ಣಿಗೆ ಎರಡೂ ಒಂದೇ. ಒಳಗಿನ ವ್ಯತ್ಯಾಸ ದೊಡ್ಡದು. ನಿಜವಾದ ಶೀರ್ಷಿಕೆಗಳಿಂದ ಪುಟದ ಪರಿವಿಡಿ ತಾನಾಗಿ ಹುಟ್ಟುತ್ತದೆ, ಒಂದು ವಿಭಾಗಕ್ಕೆ ನೇರ ಕೊಂಡಿ ಕೊಡಬಹುದು, ಆ ವಿಭಾಗವನ್ನಷ್ಟೇ ತೆರೆದು ತಿದ್ದಬಹುದು.

ಎಲ್ಲಕ್ಕಿಂತ ಮಿಗಿಲಾಗಿ, ಕಣ್ಣು ಕಾಣದ ಓದುಗರು ಆ ಶೀರ್ಷಿಕೆಗಳನ್ನು ಹಿಡಿದು ನಡೆಯುತ್ತಾರೆ. ಎನ್‌ವಿಡಿಎ ಎಂಬ ಉಚಿತ ಪರದೆ ಓದುಗ ತಂತ್ರಾಂಶ 2006ರಿಂದ ಇದೆ. ಅದು ಬಳಸುವ ಇ-ಸ್ಪೀಕ್ ಧ್ವನಿಯಲ್ಲಿ ಕನ್ನಡವೂ ಇದೆ. ಅದರಲ್ಲಿ ಒಂದು ಕೀಲಿ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹಾರುತ್ತದೆ. ಉದ್ದನೆಯ ಲೇಖನವೊಂದರ ನಾಲ್ಕನೆಯ ಭಾಗ ಬೇಕಾದ ವಿದ್ಯಾರ್ಥಿನಿ ನಾಲ್ಕು ಸಲ ಒತ್ತಿ ಅಲ್ಲಿಗೆ ತಲುಪುತ್ತಾಳೆ. ನಾವು ಶೀರ್ಷಿಕೆಯ ಬದಲು ದಪ್ಪ ಅಕ್ಷರ ಇಟ್ಟಿದ್ದರೆ ಆಕೆ ಮೊದಲ ಸಾಲಿನಿಂದ ಕೇಳುತ್ತ ಕೂರಬೇಕು. ಚಿತ್ರಗಳಿಗೆ ವಿವರಣೆ ಬರೆಯದಿದ್ದರೆ ಅವು ಆಕೆಯ ಪಾಲಿಗೆ ಇಲ್ಲವೇ ಇಲ್ಲ. ಪುಟದ ಭಾಷೆ ಕನ್ನಡ ಎಂದು ತಂತ್ರಾಂಶಕ್ಕೆ ಗುರುತು ಕೊಡದಿದ್ದರೆ ಇಂಗ್ಲಿಷ್ ಧ್ವನಿ ಕನ್ನಡವನ್ನು ಓದಲು ಹೊರಟು ಸೋಲುತ್ತದೆ. ಕರ್ನಾಟಕದ ಕಾಲೇಜುಗಳಲ್ಲಿ ಹೀಗೆ ಕಿವಿಯಿಂದ ಓದುವ ವಿದ್ಯಾರ್ಥಿಗಳು ಇದ್ದಾರೆ. ಅಧ್ಯಾಪಕರು ಟಿಪ್ಪಣಿಯನ್ನು ಜಾಲಕ್ಕೆ ಏರಿಸುವಾಗ ಅವರನ್ನು ನೆನೆಯಲಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನು ತಿದ್ದುವ ಕೆಲಸಕ್ಕೆ ಬರುತ್ತೇನೆ. ಕನ್ನಡ ಪಠ್ಯವನ್ನು ಪರದೆಯ ಮೇಲೆ ತಿದ್ದುವುದು ಇಂಗ್ಲಿಷ್ ತಿದ್ದಿದಂತಲ್ಲ. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ. ಕಡತದೊಳಗೆ ಅದು ಆರು ಸಂಕೇತ: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈತ್ವ. ಬಾಣದ ಕೀಲಿ ಒತ್ತಿದರೆ ಹೆಚ್ಚಿನ ಕಡೆ ಕರ್ಸರ್ ಆರನ್ನೂ ಒಂದೇ ನೆಗೆತಕ್ಕೆ ದಾಟುತ್ತದೆ, ನಡುವೆ ನಿಲ್ಲುವುದಿಲ್ಲ. ಬ್ಯಾಕ್‌ಸ್ಪೇಸ್ ಒತ್ತಿದರೆ ಸಾಮಾನ್ಯವಾಗಿ ಕೊನೆಯಿಂದ ಒಂದೊಂದೇ ಕಳಚುತ್ತದೆ. ಡಿಲೀಟ್ ಒತ್ತಿದರೆ ಅನೇಕ ಕಡೆ ಇಡೀ ಗುಚ್ಛವೇ ಹೋಗುತ್ತದೆ. ಹೀಗಾಗಿ ಒತ್ತಕ್ಷರದ ನಡುವಿನ ಒಂದು ತಪ್ಪನ್ನು ತಿದ್ದಬೇಕಾದರೆ ಅಕ್ಷರದ ಕೊನೆಗೆ ಹೋಗಿ ಹಿಂದಕ್ಕೆ ಕಳಚುತ್ತ ಬರಬೇಕು. ಇದನ್ನು ತಿಳಿದವರಿಗೆ ತಿದ್ದುವುದು ಹಗುರ. ತಿಳಿಯದವರು ಇಡೀ ಪದವನ್ನೇ ಅಳಿಸಿ ಮತ್ತೆ ಕೀಲಿಸುತ್ತಾರೆ. ಪ್ರತಿ ಸಂಕೇತವೂ ಶೇಖರಣೆಯಲ್ಲಿ ಮೂರು ಬೈಟ್ ಹಿಡಿಯುವುದರಿಂದ, ವಿಕಿಪೀಡಿಯದ ಇತಿಹಾಸ ಪುಟದಲ್ಲಿ ಈ ಒಂದು ಅಕ್ಷರ ಸೇರಿಸಿದ್ದು 18 ಬೈಟ್‌ಗಳ ಬದಲಾವಣೆಯಾಗಿ ಕಾಣುತ್ತದೆ. ಬೈಟ್ ಲೆಕ್ಕ ನೋಡಿ ಕನ್ನಡ ಲೇಖನವನ್ನೂ ಇಂಗ್ಲಿಷ್ ಲೇಖನವನ್ನೂ ಉದ್ದದಲ್ಲಿ ಹೋಲಿಸುವವರು ಇದನ್ನು ನೆನಪಿಡಬೇಕು.

ಕಣ್ಣಿಗೆ ಒಂದೇ ಆಗಿ ಒಳಗೆ ಬೇರೆಯಾಗಿರುವ ಅಕ್ಷರಗಳು ಇನ್ನೂ ಕಷ್ಟ ಕೊಡುತ್ತವೆ. ಅನುಸ್ವಾರವನ್ನು ನಾವು ಸೊನ್ನೆ ಎಂದೇ ಕರೆಯುತ್ತೇವೆ. ಅಂಕಿಯ ಸೊನ್ನೆಯೂ ಹೆಚ್ಚುಕಮ್ಮಿ ಅದೇ ಆಕಾರ. ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಸಂಕೇತ. 'ಸ೦ಗೀತ' ಎಂದು ಅಂಕಿಯ ಸೊನ್ನೆ ಹಾಕಿ ಬರೆದ ಪುಟವನ್ನು 'ಸಂಗೀತ' ಎಂದು ಹುಡುಕಿದವರು ಕಾಣಲಾರರು. ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ಗುರುತಿಸುವ ತಂತ್ರಾಂಶಗಳು ಈ ತಪ್ಪನ್ನು ಮಾಡುತ್ತಲೇ ಇರುತ್ತವೆ, 'ವು' ಇದ್ದಲ್ಲಿ 'ಮ' ಎಂದು ಓದಿದಂತೆ. ಹುಡುಕಿ ಬದಲಿಸುವ ಸೌಲಭ್ಯ ಬಳಸಿ ಎಲ್ಲ ಅಂಕಿ ಸೊನ್ನೆಗಳನ್ನೂ ಅನುಸ್ವಾರ ಮಾಡಿಬಿಟ್ಟರೆ ೨೦೧೦ ಎಂಬ ಇಸವಿ ಹಾಳಾಗುತ್ತದೆ. ಅಕ್ಷರದ ಬೆನ್ನಿಗೆ ಬಂದದ್ದು ಅನುಸ್ವಾರ, ಅಂಕಿಯ ಬೆನ್ನಿಗೆ ಬಂದದ್ದು ಅಂಕಿ ಎಂಬ ನಿಯಮವನ್ನು ಹುಡುಕುವ ಪೆಟ್ಟಿಗೆಗೆ ಕಲಿಸಬಹುದು. ವಿಕಿಯ ಸಂಪಾದನಾ ಪೆಟ್ಟಿಗೆಯಲ್ಲಿ ಇಂಥ ಮಾದರಿ ಹುಡುಕಾಟಕ್ಕೆ ಅವಕಾಶವಿದೆ. ಅದನ್ನು ಕಲಿತ ಒಬ್ಬರು ಹತ್ತು ಜನರ ಕೆಲಸ ಮಾಡುತ್ತಾರೆ.

ಕಾಣದ ಅಕ್ಷರಗಳದು ಮತ್ತೊಂದು ಸಂಗತಿ. 'ರಾಜ್‌ಕುಮಾರ್' ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯಲು ನಡುವೆ ಅಗಲವಿಲ್ಲದ ಒಂದು ಸಂಕೇತ ಇಡುತ್ತೇವೆ. ಇಡದಿದ್ದರೆ 'ರಾಜ್ಕುಮಾರ್' ಆಗುತ್ತದೆ. ಅರ್ಕಾವತ್ತು ಬೇಡ, ರಕಾರದ ಕೆಳಗೆ ಒತ್ತು ಬೇಕು ಎನ್ನುವವರು 'ಸೂರ‍್ಯ' ಎಂದು ಬರೆಯಲು ಮತ್ತೊಂದು ಕಾಣದ ಸಂಕೇತ ಬಳಸುತ್ತಾರೆ. ಇವು ನಮ್ಮ ಲಿಪಿಗೆ ನಿಜವಾಗಿ ಬೇಕಾದವು, ಇವನ್ನು ಕಸವೆಂದು ಗುಡಿಸಿಹಾಕುವ ತಂತ್ರಾಂಶಗಳು ನಮಗೆ ಅನ್ಯಾಯ ಮಾಡುತ್ತವೆ. ಹಾಗೆಯೇ ಬೇಡದ ಕಡೆ ಇವನ್ನು ಉದುರಿಸುವುದೂ ತಪ್ಪು. ಪದದ ಕೊನೆಯಲ್ಲಿ ಕಾಣದೆ ಕುಳಿತ ಒಂದು ಸಂಕೇತದಿಂದಾಗಿ ಒಂದೇ ಹೆಸರಿನ ಎರಡು ಕೊಂಡಿಗಳಲ್ಲಿ ಒಂದು ಪುಟಕ್ಕೆ ತಲುಪಬಹುದು, ಇನ್ನೊಂದು ಇಲ್ಲದ ಪುಟದ ಕೆಂಪು ಕೊಂಡಿಯಾಗಿ ನಿಲ್ಲಬಹುದು. ಬೇರೆಡೆಯಿಂದ ನಕಲು ಮಾಡಿ ಅಂಟಿಸುವಾಗ ಫಾಂಟ್, ಬಣ್ಣ, ಗಾತ್ರಗಳ ಜೊತೆಗೆ ಇಂಥವೂ ಬರುತ್ತವೆ. ಬಹುತೇಕ ಬ್ರೌಸರ್‌ಗಳಲ್ಲಿ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿದರೆ ಅಲಂಕಾರ ಹೊರಗೇ ಉಳಿದು ಬರೀ ಪಠ್ಯ ಒಳಬರುತ್ತದೆ. ಕಾಣದ ಸಂಕೇತಗಳು ಆಗಲೂ ಬರುತ್ತವೆ, ಅವನ್ನು ಕೈಯಿಂದಲೇ ಹುಡುಕಬೇಕು.

ಇಷ್ಟು ಹೇಳಿದ ಮೇಲೆ ನನ್ನ ಮಾತಿಗೆ ನಾನೇ ಒಂದು ಮಿತಿ ಹಾಕಬೇಕು. ಅಲಂಕಾರವೆಂದು ಕಂಡದ್ದೆಲ್ಲ ಅಲಂಕಾರವಲ್ಲ. ವಿಕಿಯ ಮೂಲ ಪಠ್ಯದಲ್ಲಿ ಎಂಟರ್ ಒಂದು ಸಲ ಒತ್ತಿದರೆ ಸಾಲು ಮುರಿಯುವುದಿಲ್ಲ, ಹಿಂದಿನದಕ್ಕೇ ಸೇರಿಕೊಳ್ಳುತ್ತದೆ. ಗದ್ಯಕ್ಕೆ ಇದು ಸರಿ. ಭಾಮಿನಿ ಷಟ್ಪದಿಯೊಂದನ್ನು ಹಾಗೆ ಅಂಟಿಸಿದರೆ ಆರು ಸಾಲೂ ಕೂಡಿ ಒಂದು ಪ್ಯಾರಾ ಆಗುತ್ತದೆ. ಷಟ್ಪದಿಯಲ್ಲಿ ಸಾಲು ಎಂಬುದು ಛಂದಸ್ಸಿನ ಅಂಗ. 1, 2, 4, 5ನೆಯ ಸಾಲುಗಳಿಗೆ ತಲಾ 14 ಮಾತ್ರೆ. ಮೂರನೆಯದು ಮತ್ತು ಆರನೆಯದು ಮೂರು ನಾಲ್ಕರ ಆರು ಗಣ ಹಾಗೂ ಮೇಲೊಂದು ಗುರು ಸೇರಿ 23 ಮಾತ್ರೆಗೆ ನಿಲ್ಲುತ್ತವೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಕೂರುತ್ತದೆ. ಸಾಲು ಕಳೆದರೆ ಕಣ್ಣಿಗೆ ಪ್ರಾಸವೂ ಕಳೆಯಿತು, ನಡೆಯೂ ಕಳೆಯಿತು. ವಿಕಿಯಲ್ಲಿ 'ಇದು ಪದ್ಯ' ಎಂದು ಹೇಳುವ ಪ್ರತ್ಯೇಕ ಗುರುತು ಇರುವುದು ಇದಕ್ಕಾಗಿಯೇ. ಅದರೊಳಗೆ ಇಟ್ಟ ಸಾಲುಗಳು ಇಟ್ಟಂತೆ ಉಳಿಯುತ್ತವೆ.

ವಚನಗಳ ವಿಷಯ ಬೇರೆ. ಓಲೆಗರಿಗಳಲ್ಲಿ ವಚನ ಸಾಲು ಮುರಿಯದೆ ಒಂದೇ ಹರಿವಿನಲ್ಲಿ ಇರುತ್ತದೆ. ಅಚ್ಚಿನಲ್ಲಿ ನಾವು ಕಾಣುವ ಸಾಲುಗಳನ್ನು ಕೊಟ್ಟವರು ಆಧುನಿಕ ಸಂಪಾದಕರು. ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗ ಹೊರತಂದಂದಿನಿಂದ ಅನೇಕ ವಿದ್ವಾಂಸರು ಈ ಕೆಲಸ ಮಾಡಿದ್ದಾರೆ, ಒಬ್ಬೊಬ್ಬರ ಸಾಲುಗಳು ಒಂದೊಂದು ಬಗೆ. ಆದ್ದರಿಂದ ಜಾಲದಲ್ಲಿ ವಚನವನ್ನು ಇಡುವವರು ಯಾವ ಸಂಪಾದನೆಯನ್ನು ಅನುಸರಿಸಿದ್ದೇವೆಂದು ಹೇಳಲೇಬೇಕು. ಆ ಒಂದು ಸಾಲಿನ ಮಾಹಿತಿ ಇಲ್ಲದೆ ಎಷ್ಟೋ ವಚನಗಳು ಜಾಲದಲ್ಲಿ ಅನಾಥವಾಗಿ ತಿರುಗುತ್ತಿರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಕರಡು ತಿದ್ದುವ ನಮ್ಮ ಹಳೆಯ ಶಿಸ್ತು ಜಾಲದಲ್ಲಿ ಎಲ್ಲಾದರೂ ಪೂರ್ತಿಯಾಗಿ ಉಳಿದಿದ್ದರೆ ಅದು ವಿಕಿಸೋರ್ಸ್‌ನಲ್ಲಿ. ಮೈಸೂರು ವಿಶ್ವವಿದ್ಯಾನಿಲಯ ತನ್ನ 14 ಸಂಪುಟಗಳ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಗೆ ಒಪ್ಪಿಸಿದ ಮೇಲೆ ಅದರ ಪಠ್ಯ ಬಂದು ಸೇರಿದ್ದೂ ಇಲ್ಲಿಗೇ. ಅಲ್ಲಿ ತಿದ್ದುವ ಕ್ರಮ ಹೀಗಿದೆ: ಪುಸ್ತಕದ ಸ್ಕ್ಯಾನ್ ಪುಟ ಒಂದು ಬದಿ, ಅಕ್ಷರರೂಪದ ಪಠ್ಯ ಇನ್ನೊಂದು ಬದಿ. ಎರಡನ್ನೂ ಪದಕ್ಕೆ ಪದ ಹೋಲಿಸಿ ತಿದ್ದಬೇಕು. ತಿದ್ದದ ಪುಟಕ್ಕೆ ಕೆಂಪು, ಒಬ್ಬರು ತಿದ್ದಿದ ಪುಟಕ್ಕೆ ಹಳದಿ, ಎರಡನೆಯವರು ಮತ್ತೆ ಓದಿ ಒಪ್ಪಿದ ಪುಟಕ್ಕೆ ಹಸಿರು. ಹಳದಿ ಮಾಡಿದವರೇ ಅದನ್ನು ಹಸಿರು ಮಾಡುವಂತಿಲ್ಲ. ಒಂದೇ ಕಣ್ಣು ಎರಡು ಸಲ ಓದಿದರೂ ಅದೇ ತಪ್ಪನ್ನು ಎರಡು ಸಲ ದಾಟಿಹೋಗುತ್ತದೆ ಎಂಬುದು ಮುದ್ರಣಾಲಯದ ಹಿರಿಯರೆಲ್ಲರ ಅನುಭವ. ಆ ಅನುಭವವೇ ಇಲ್ಲಿ ನಿಯಮವಾಗಿದೆ.

ಅಲ್ಲಿ ತಿದ್ದುವವರಿಗೆ ಎದುರಾಗುವ ಪ್ರಶ್ನೆಗಳು ವಿದ್ವತ್ತಿನ ಪ್ರಶ್ನೆಗಳೇ. ಹಳೆಯ ಪುಸ್ತಕದ ಕಾಗುಣಿತ ಇಂದಿನದಕ್ಕಿಂತ ಬೇರೆಯಾಗಿದ್ದರೆ ಬದಲಿಸಬಾರದು, ಅದು ಆ ಕಾಲದ ಸಾಕ್ಷಿ. ಸಾಲಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಒಡೆದ ಪದವನ್ನು ಕೂಡಿಸಬೇಕು, ಆ ಒಡಕು ಪುಟದ ಅಗಲದಿಂದ ಬಂದದ್ದು. ಲೇಖಕರು ಒತ್ತು ಕೊಡಲು ದಪ್ಪ ಮಾಡಿಸಿದ ಪದವನ್ನು ಹಾಗೆಯೇ ಉಳಿಸಬೇಕು. ಪುಟದ ತಲೆಯಲ್ಲಿ ಮರಳಿ ಮರಳಿ ಬರುವ ಪುಸ್ತಕದ ಹೆಸರನ್ನು ಪಠ್ಯದಿಂದ ಬೇರ್ಪಡಿಸಬೇಕು. ಯಾವುದು ಕೃತಿ, ಯಾವುದು ಕಾಗದ ಎಂದು ಸಾಲುಸಾಲಿಗೂ ತೀರ್ಮಾನಿಸುವ ಈ ಅಭ್ಯಾಸವನ್ನು ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಗ್ರಂಥಸಂಪಾದನೆಯ ಪಾಠದ ಜೊತೆಗೇ ಮಾಡಿಸಬೇಕೆಂದು ನನ್ನ ಆಸೆ. ತಾಳೆಗರಿ ಎಲ್ಲರ ಕೈಗೂ ಸಿಗುವುದಿಲ್ಲ, ವಿಕಿಸೋರ್ಸ್ ಪುಟ ಸಿಗುತ್ತದೆ.

ರೂಪದ ಬಗ್ಗೆಯೂ ನಾಲ್ಕು ಮಾತು ಹೇಳುತ್ತೇನೆ, ರೂಪ ಬೇಡವೆಂದು ನಾನು ಹೇಳುತ್ತಿಲ್ಲ. ಇಂದಿನ ಬರವಣಿಗೆಯ ತಂತ್ರಾಂಶಗಳ ಗುಂಡಿಗಳು ರೋಮನ್ ಲಿಪಿಯ ಸಂಪ್ರದಾಯದಿಂದ ಬಂದವು. ಓರೆ ಅಕ್ಷರ ಆ ಲಿಪಿಯಲ್ಲಿ ಐದು ಶತಮಾನದ ಹಿಂದೆ ಬೇರೆಯೇ ಕೈಬರಹದಿಂದ ಹುಟ್ಟಿದ್ದು. ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಅದಕ್ಕೆ ಪ್ರತ್ಯೇಕ ವಿನ್ಯಾಸವಿಲ್ಲ, ತಂತ್ರಾಂಶ ನೆಟ್ಟಗಿನ ಅಕ್ಷರವನ್ನೇ ಬಲಕ್ಕೆ ಬಾಗಿಸುತ್ತದೆ. ದುಂಡಗಿನ ಕನ್ನಡ ಅಕ್ಷರ ಬಾಗಿದಾಗ ಒತ್ತುಗಳು ತಮ್ಮ ಅಕ್ಷರದಿಂದ ಎಡಕ್ಕೆ ಜಾರಿದಂತೆ ಕಾಣುತ್ತವೆ. ಪುಸ್ತಕದ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ ಹಾಕುವ ನಮ್ಮ ರೂಢಿಯೇ ಚೆನ್ನ. ಅಂಡರ್‌ಲೈನ್ ಇನ್ನೂ ಕೆಟ್ಟದ್ದು, ಆ ಗೆರೆ ಅನೇಕ ಕಡೆ ನೇರ ಒತ್ತಕ್ಷರದ ಎದೆಯ ಮೇಲೆ ಹಾಯುತ್ತದೆ. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗಿಂತ ಕನ್ನಡಕ್ಕೆ ಹೆಚ್ಚು ಬೇಕು. ಮೇಲಿನ ಸಾಲಿನ ಒತ್ತು ಕೆಳಗೆ ಇಳಿಯುವ ಜಾಗಕ್ಕೇ ಕೆಳಸಾಲಿನ ಗುಡಿಸು ಏರುತ್ತದೆ. ಎರಡೂ ಅಂಚು ಸಮ ಮಾಡುವ ಗುಂಡಿಯನ್ನು ಮೊಬೈಲಿನಲ್ಲಿ ಓದುವ ಬರಹಕ್ಕೆ ಒತ್ತಲೇಬೇಡಿ ಎನ್ನುತ್ತೇನೆ. ವಿಭಕ್ತಿ, ಪ್ರತ್ಯಯಗಳೆಲ್ಲ ಕೂಡಿ ಉದ್ದವಾದ ನಮ್ಮ ಪದಗಳು ಸಾಲಿಗೆ ಎರಡೋ ಮೂರೋ ಹಿಡಿಯುತ್ತವೆ, ನಡುವೆ ಬೀದಿಯಷ್ಟು ಅಗಲದ ಬಿಳಿ ಜಾಗ ಬೀಳುತ್ತದೆ. ಕನ್ನಡ ಪದಗಳನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಒಡೆಯಬಹುದೆಂಬ ನಿಯಮಗಳ ಕಡತ ಮುಕ್ತವಾಗಿ ಲಭ್ಯವಿದೆ. ಅದನ್ನು ಬಳಸುವ ಕನ್ನಡ ತಾಣಗಳು ನನಗೆ ಕಂಡದ್ದು ವಿರಳ.

ಕೊನೆಯದಾಗಿ, ಹಲವರು ಸೇರಿ ತಿದ್ದುವ ಪಠ್ಯದ ನಡವಳಿಕೆ. ವಿಕಿಪೀಡಿಯದ ಪ್ರತಿ ಪುಟಕ್ಕೂ ಇತಿಹಾಸವಿದೆ. ಯಾರು, ಎಂದು, ಏನು ಬದಲಿಸಿದರು ಎಂಬುದು ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಾಣುತ್ತದೆ. ಈ ಸೌಲಭ್ಯ ನಮ್ಮ ಹಿಂದಿನ ಯಾವ ಸಂಪಾದಕರಿಗೂ ಇರಲಿಲ್ಲ. ಇದನ್ನು ಕಾಪಾಡುವ ಒಂದು ಕ್ರಮವಿದೆ: ರೂಪದ ತಿದ್ದುಪಡಿಯನ್ನೂ ವಿಷಯದ ತಿದ್ದುಪಡಿಯನ್ನೂ ಒಂದೇ ಸಲಕ್ಕೆ ಉಳಿಸಬೇಡಿ. ನೂರು ಕಡೆ ಸ್ಪೇಸ್ ಸರಿಮಾಡಿದ ಬದಲಾವಣೆಯ ಮಧ್ಯೆ ಒಂದು ಇಸವಿಯನ್ನೂ ಬದಲಿಸಿದ್ದರೆ ಆ ಇಸವಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಗುಣಿತ ತಿದ್ದಿ ಉಳಿಸಿ, ಸಾರಾಂಶದಲ್ಲಿ ಹಾಗೆಂದು ಬರೆಯಿರಿ. ಆಮೇಲೆ ಇಸವಿ ತಿದ್ದಿ, ಆಧಾರ ಕೊಟ್ಟು, ಬೇರೆಯಾಗಿ ಉಳಿಸಿ. ನಿಮ್ಮ ತಿದ್ದುಪಡಿಯನ್ನು ಮತ್ತೊಬ್ಬರು ತೆಗೆದುಹಾಕಿದರೆ ಚರ್ಚೆಪುಟದಲ್ಲಿ ಕೇಳಿ. ಎಲ್ಲರಿಗೂ ಸಂಬಂಧಿಸಿದ ಮಾತಾದರೆ ಕನ್ನಡ ವಿಕಿಪೀಡಿಯದಲ್ಲಿ ಅದಕ್ಕೆಂದೇ 'ಅರಳಿ ಕಟ್ಟೆ' ಇದೆ.

ಆ ಕಟ್ಟೆಯಲ್ಲೇ ಎತ್ತಬೇಕಾದ ಒಂದು ಕೆಲಸ ಬಾಕಿ ಇದೆ. ಪ್ರತಿ ಒಳ್ಳೆಯ ಮುದ್ರಣಾಲಯ ತನ್ನದೊಂದು ಶೈಲಿಪಟ್ಟಿ ಇಟ್ಟುಕೊಂಡಿರುತ್ತಿತ್ತು. ಜಾಲದ ಕನ್ನಡಕ್ಕೆ ಎಲ್ಲರೂ ನೋಡಿ ತಿದ್ದಬಹುದಾದ, ಎಲ್ಲರೂ ಒಪ್ಪಿ ಬಳಸುವ ಅಂಥ ಪಟ್ಟಿ ಬೇಕು. ಕಾಲೇಜುಗಳ ಕನ್ನಡ ವಿಭಾಗಗಳೂ ಪತ್ರಿಕೆಗಳ ಸಂಪಾದಕರೂ ತಂತ್ರಾಂಶ ಕಟ್ಟುವ ಕನ್ನಡಿಗರೂ ಕೂತು ಅದನ್ನು ಬರೆಯಬೇಕು. ನನ್ನನ್ನು ಕರೆದರೆ ಮೊದಲಿಗೆ ಈ ಕೆಲವನ್ನು ಚರ್ಚೆಗೆ ಇಡುತ್ತೇನೆ. ಇಸವಿ ಮತ್ತು ಸಂಖ್ಯೆಗಳಿಗೆ ಒಂದು ಬರಹದೊಳಗೆ ಒಂದೇ ಬಗೆಯ ಅಂಕಿ, ಕನ್ನಡದ್ದಾಗಲಿ, 1, 2, 3 ಆಗಲಿ. ಇಂಗ್ಲಿಷಿನಿಂದ ಬಂದ ಪದಗಳಲ್ಲಿ ಒತ್ತನ್ನು ತಡೆಯುವ ಕಾಣದ ಸಂಕೇತ ಪದದ ನಡುವೆ ಮಾತ್ರ, ಕೊನೆಯಲ್ಲಿ ಎಂದೂ ಇಲ್ಲ. ಪ್ರಶ್ನಾರ್ಥಕ, ಅಲ್ಪವಿರಾಮ, ಪೂರ್ಣವಿರಾಮಗಳ ಹಿಂದೆ ಜಾಗವಿಲ್ಲ, ಮುಂದೆ ಒಂದೇ ಜಾಗ. ಪದ್ಯ ಮತ್ತು ವಚನಕ್ಕೆ ಆಕರ ಸಂಪಾದನೆಯ ಹೆಸರು ಕಡ್ಡಾಯ. ಅರ್ಕಾವತ್ತು ಬಳಸುವುದೋ ರಕಾರಕ್ಕೆ ಒತ್ತು ಕೊಡುವುದೋ ಎಂಬುದರಲ್ಲಿ ನನ್ನ ಒಲವು ಅರ್ಕಾವತ್ತಿನ ಕಡೆಗಿದೆ. ಒಪ್ಪದವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಅವರ ವಾದವನ್ನೂ ಅದೇ ಪುಟದಲ್ಲಿ ದಾಖಲಿಸಿಕೊಂಡು ಮುಂದುವರಿಯಬೇಕು.